ಅಟ್ಟದ ಪಾಲು

ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ, ಲಕ್ಷ್ಮೀನರಸಿಂಹ ದೇವಸ್ಥಾನದಿಂದ ಕೂಗಳತೆಯಲ್ಲಿರುವ ನಮ್ಮ ಮನೆ ಹಿಸ್ಸೆಯಾದದ್ದು 1987ರಲ್ಲಿ. ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಮೂವರೂ ಕೋಣೆ, ಬಾವಿ, ಹಿತ್ತಿಲ ತೆಂಗಿನಮರಗಳನ್ನೆಲ್ಲ ಎಣಿಸಿ ಹಂಚಿಕೊಂಡರು. ಅಟ್ಟ ಮಾತ್ರ ಹಾಗೇ ಉಳಿಯಿತು, ಹತ್ತಲು ಇದ್ದದ್ದು ಒಂದೇ ಏಣಿ. ಅಲ್ಲಿ ಮೂವರ ಟ್ರಂಕುಗಳೂ ಇದ್ದವು. ಜಾಗ ಎಲ್ಲರದು, ಬೀಗ ಅವರವರದು. ಮುಂದೊಂದು ದಿನ ಅಮ್ಮ ‘ಈ ಫ್ಯಾಮಿಲಿ ಪ್ಲಾನ್ ಅಂದ್ರೆ ಏನೇ?’ ಎಂದಾಗ ನಾನು ತೋರಿಸಿದ್ದು ಆ ಅಟ್ಟವನ್ನೇ. ಕ್ಲೌಡ್‌ನಲ್ಲಿ ಹಂಚಿಕೊಳ್ಳುವುದು ಜಾಗವನ್ನು. ಒಬ್ಬರ ಫೋಟೊ ಇನ್ನೊಬ್ಬರಿಗೆ ತಾನಾಗಿ ಕಾಣುವುದಿಲ್ಲ.

ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದು ತಿಳಿದದ್ದು ಅಪ್ಪ ತೀರಿಕೊಂಡ ಮೇಲೆ.

ಕೂಡುಕುಟುಂಬದ ಆಸ್ತಿಗೆ ಭಾರತದ ಬಹುಭಾಗ ಒಪ್ಪಿದ ನಿಯಮ ರೂಪುಗೊಂಡದ್ದು ನಮ್ಮ ಬಸವಕಲ್ಯಾಣದಲ್ಲಿ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ‘ಮಿತಾಕ್ಷರ’. ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಬರುವುದು ಹುಟ್ಟಿನಿಂದ, ಅಪ್ಪನ ಸಾವಿನಿಂದಲ್ಲ ಎನ್ನುವುದು ಅದರ ತಿರುಳು. ಪಾಲು ಮಾಡುವುದೆಂದರೆ ಹಕ್ಕು ಕೊಡುವುದಲ್ಲ. ಆಗಲೇ ಇರುವ ಹಕ್ಕಿಗೆ ಗಡಿ ಎಳೆಯುವುದು. ಯಜಮಾನ ತನ್ನಿಷ್ಟಕ್ಕೆ ಮಾರುವಂತಿಲ್ಲ, ಮನೆತನದ ಅಗತ್ಯವನ್ನು ತೋರಿಸಬೇಕು. ಅವನು ಸತ್ತರೆ ಇನ್ನೊಬ್ಬ ಯಜಮಾನನಾಗುತ್ತಾನೆ, ಒಲೆ ಆರುವುದಿಲ್ಲ.

ಹೆಣ್ಣುಮಕ್ಕಳು? ಸ್ತ್ರೀಧನದ ಅರ್ಥವನ್ನು ವಿಜ್ಞಾನೇಶ್ವರ ಹಿಗ್ಗಿಸಿದ, ಅದು ಸಣ್ಣ ಮಾತಲ್ಲ. ಆದರೆ ಹುಟ್ಟಿನ ಹಕ್ಕು ಮಗಳಿಗೆ ಸಿಗಲಿಲ್ಲ. ಮೈಸೂರು ಸಂಸ್ಥಾನದ 1933ರ ಕಾಯ್ದೆ ತಾಯಿಗೆ, ವಿಧವೆಯರಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಹಿಸ್ಸೆಯ ಹೊತ್ತಿನಲ್ಲಿ ಪಾಲು ಕೊಟ್ಟಿತು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದು ಮಗಳನ್ನು ಮಗನಿಗೆ ಸಮ ಮಾಡಿತು, ಅದಕ್ಕೂ ಮೊದಲೇ ಮದುವೆಯಾದವಳನ್ನು ಹೊರಗಿಟ್ಟು. ಆ ಗೆರೆ ಅಳಿದದ್ದು 2005ರ ಕೇಂದ್ರ ತಿದ್ದುಪಡಿಯಲ್ಲಿ. ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ಅಪ್ಪ ಬದುಕಿದ್ದಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರಲ್ಲಿ, ವಿನೀತಾ ಶರ್ಮಾ ಪ್ರಕರಣದಲ್ಲಿ. ಹಳೆಯ ಹಿಸ್ಸೆಗಳನ್ನು ಮಾತ್ರ ಯಾರೂ ಕೆದಕಲಿಲ್ಲ. ನಮ್ಮತ್ತೆಯ ಮದುವೆಯಾದದ್ದು 1979ರಲ್ಲಿ. ಹಿಸ್ಸೆಯ ದಿನ ಅವರಿಗೆ ಸಿಕ್ಕಿದ್ದು ಸೀರೆ, ಅರಿಶಿನ ಕುಂಕುಮ.

ಈ ನಡುವೆ ಕಂಪನಿಗಳು ತಮ್ಮದೇ ಕುಟುಂಬವನ್ನು ಕಟ್ಟಿದವು. ಆಪಲ್ 2014ರಲ್ಲಿ, ಗೂಗಲ್ ಪ್ಲೇ 2016ರಲ್ಲಿ ಮನೆಮಂದಿ ಕೊಂಡದ್ದನ್ನು ಹಂಚಿಕೊಳ್ಳುವ ವ್ಯವಸ್ಥೆ ತಂದವು. ಎರಡರಲ್ಲೂ ಕುಟುಂಬ ಎಂದರೆ ಆರು ಜನ. ಏಳನೆಯವರು ಅಜ್ಜಿಯೋ ಕೂಸೋ, ಹೊರಗೆ. ಒಬ್ಬರು ಒಂದೇ ಗುಂಪಿನಲ್ಲಿರಬಹುದು.

ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನಮ್ಮಪ್ಪನಿಗೆ ಇ-ಪುಸ್ತಕದ ಹುಚ್ಚು ಹಿಡಿದದ್ದು ಒಂದು ತಮಾಷೆಯೇ. ನಮ್ಮ ಗುಂಪಿಗೆ ಅವರೇ ಯಜಮಾನರು. ನಾನು ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೆ ಗಂಡನ ಗುಂಪಿಗೆ ಸೇರಲು ತೌರಿನ ಗುಂಪು ಬಿಡಬೇಕಾಯಿತು. ಒಂದು ಗುಂಡಿ ಒತ್ತಿದೆ, ಅಪ್ಪನ ಪುಸ್ತಕಗಳು ನನ್ನ ಫೋನಿನಿಂದ ಹೋದವು. ನಾನು ಕೊಂಡ ನಾಲ್ಕು ನನ್ನೊಂದಿಗೆ ಬಂದವು, ಸ್ತ್ರೀಧನದಂತೆ. ಕೊಟ್ಟ ಹೆಣ್ಣು ಕುಲದ ಹೊರಗೆ ಎಂಬ ಗಾದೆ ಯಾವುದೋ ದೇಶದ ಎಂಜಿನಿಯರನಿಗೆ ಗೊತ್ತಿರಲಾರದು.

ಅಪ್ಪ ಹೋದ ಕೆಲವೇ ತಿಂಗಳಲ್ಲಿ ಅವರ ಬ್ಯಾಂಕ್ ಕಾರ್ಡು ರದ್ದಾಯಿತು, ಪ್ಲಾನೂ ನಿಂತಿತು. ಅಮ್ಮನ, ತಮ್ಮನ ಖಾತೆಗಳು ‘ಜಾಗ ತುಂಬಿದೆ’ ಎನ್ನತೊಡಗಿದವು. ಅಪ್ಪನ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ತನ್ನ ನಂತರ ಖಾತೆ ಯಾರಿಗೆ ಎಂದು ಮೊದಲೇ ನಮೂದಿಸಲು ಗೂಗಲ್ 2013ರಿಂದ, ಆಪಲ್ 2021ರಿಂದ ಅವಕಾಶ ಕೊಟ್ಟಿವೆ. ಹಾಗೆ ನಮೂದಿಸಿದರೂ ಆಪಲ್‌ನಲ್ಲಿ ವಾರಸುದಾರರ ಕೈಗೆ ಬರುವುದು ಫೋಟೊ, ಕಡತಗಳು. ಕೊಂಡ ಪುಸ್ತಕ, ಹಾಡು, ಸಿನಿಮಾಗಳಲ್ಲ. ಏಕೆಂದರೆ ಅವು ಆಸ್ತಿಯಲ್ಲ, ಬಳಸಲು ಸಿಕ್ಕ ಅನುಮತಿ. 2009ರಲ್ಲಿ ಅಮೆಜಾನ್ ಆರ್ವೆಲ್‌ನ ‘1984’ನ್ನು ಓದುಗರ ಕಿಂಡಲ್‌ಗಳಿಂದ ಅಳಿಸಿ ಹಣ ವಾಪಸು ಮಾಡಿದಾಗ ಜಗತ್ತಿಗೆ ಇದು ಮೊದಲು ಚುರುಕ್ಕೆಂದಿತು. ‘ಕೊಳ್ಳಿ’ ಎಂದು ಬರೆಯುವವರು ಇದನ್ನು ಸ್ಪಷ್ಟವಾಗಿ ತಿಳಿಸಬೇಕು ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಇದೆ. ವಿಜ್ಞಾನೇಶ್ವರನ ಕುಟುಂಬದಲ್ಲಿ ಕೆಲವರನ್ನು ಹೊರಗಿಟ್ಟು ಉಳಿದವರಿಗೆ ಹಕ್ಕಿತ್ತು. ಇಲ್ಲಿ ಯಾರನ್ನೂ ಹೊರಗಿಟ್ಟಿಲ್ಲ, ಆದರೆ ಹಂಚಿಕೊಳ್ಳಲು ಸ್ವತ್ತೇ ಇಲ್ಲ.

ಕಳೆದ ಯುಗಾದಿಗೆ ಅಟ್ಟ ಹತ್ತಿ ಅಪ್ಪನ ಟ್ರಂಕನ್ನು ಇಳಿಸಿದೆವು. ಕೀಲಿ ಇರಲಿಲ್ಲ. ಬೀಗ ರಿಪೇರಿಯವನು ಎಂಬತ್ತು ರೂಪಾಯಿ ತೆಗೆದುಕೊಂಡು ಎರಡು ನಿಮಿಷದಲ್ಲಿ ತೆಗೆದುಕೊಟ್ಟ. ಒಳಗೆ ಪೇ ಸ್ಲಿಪ್ಪುಗಳು, ಕೆಲವು ಕಾಗದಗಳು, ಛಾಪಾ ಕಾಗದದ ಮೇಲೆ 1987ರ ಪಾಲುಪಟ್ಟಿ. ಕೊನೆಯ ಪುಟದಲ್ಲಿ ಮೂವರು ಅಣ್ಣತಮ್ಮಂದಿರ ಸಹಿ, ಅದರ ಕೆಳಗೆ ‘ಸಾಕ್ಷಿ’ ಎಂದು ಅತ್ತೆಯ ಸಹಿ.

ಫೋಟೊ ತೆಗೆದು ಅತ್ತೆಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಫೋನು ಬಂತು.

‘ನನ್ನ ಅಕ್ಷರ ಆಗ ಎಷ್ಟು ದುಂಡಗಿತ್ತು ನೋಡೇ’ ಅಂದರು.