ಪಿನ್ ಕೋಡೂ ವಾಕ್ಯವೂ

ದೆಹಲಿಯ ಪೂರ್ವದ ಎಲ್ಲೆಯನ್ನು ದಾಟಿದೊಡನೆ ಉತ್ತರಪ್ರದೇಶದ ಗಾಜಿಯಾಬಾದ್ ಜಿಲ್ಲೆಯಲ್ಲಿ ಸಿಗುವ ಇಂದಿರಾಪುರಂ ಬಡಾವಣೆಯನ್ನು ಯೋಜಿಸಿದವರು ಅದರ ಭಾಗಗಳಿಗೆ ನ್ಯಾಯಖಂಡ, ನೀತಿಖಂಡ, ಜ್ಞಾನಖಂಡ, ಶಕ್ತಿಖಂಡ, ಅಹಿಂಸಾಖಂಡ ಎಂದು ಉದಾತ್ತವಾದ ನಾಮಧೇಯಗಳನ್ನಿಟ್ಟು, ಅವುಗಳಲ್ಲಿ ಹಲವನ್ನು ಮತ್ತೆ ಒಂದು, ಎರಡು, ಮೂರು ಎಂದು ವಿಭಾಗಿಸಿದರು. ನೋಯ್ಡಾದ 62ನೆಯ ಸೆಕ್ಟರಿನ ಕಚೇರಿಗಳಿಗೆ ಇದು ನೆರೆಯೂರಾದ ಕಾರಣ ತಂತ್ರಾಂಶವೃತ್ತಿಯವರು ಅನೇಕರು ಇಲ್ಲಿ ನೆಲಸಿದ್ದಾರೆ. ಇಲ್ಲಿಯ ಯಾವ ಮನೆಯ ವಿಳಾಸವನ್ನು ತೆಗೆದುಕೊಂಡರೂ ಅವರ ವೃತ್ತಿಯ ಒಂದು ಹಳೆಯ ಪ್ರಶ್ನೆ ಅದರೊಳಗೆ ಅಡಗಿದೆ: ಬರೆಹದ ಅಂಗಗಳನ್ನು ಬೇರ್ಪಡಿಸುವುದಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಬ ಸಂಕೇತಪದ್ಧತಿಯನ್ನು ಎಲ್ಲಿಯವರೆಗೆ ನೆಚ್ಚಬಹುದು?

ವಿಳಾಸದ ಕೊನೆಯಲ್ಲಿ 201014 ಎಂಬ ಆರು ಅಂಕೆಗಳಿರುತ್ತವೆ. ಒಂದೇ ಹೆಸರಿನ ಊರುಗಳೂ ನಾನಾ ಭಾಷೆಗಳ ಬರೆಹವೂ ಅಂಚೆಯವರನ್ನು ಕಂಗೆಡಿಸುತ್ತಿದ್ದ ಕಾಲದಲ್ಲಿ, ಅಂಚೆ ಮತ್ತು ತಂತಿ ಇಲಾಖೆಯ ಹಿರಿಯ ಅಧಿಕಾರಿಯೂ ಸಂಸ್ಕೃತದ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್ ಅವರು ರೂಪಿಸಿದ ಈ ಪಿನ್ ಕೋಡ್ ಪದ್ಧತಿ 1972ರ ಆಗಸ್ಟ್ 15ರಂದು ಜಾರಿಗೆ ಬಂದಿತು. ಮೊದಲನೆಯ ಅಂಕೆ ವಲಯವನ್ನೂ, ಎರಡನೆಯದು ಉಪವಲಯವನ್ನೂ, ಮೂರನೆಯದು ವಿಂಗಡಣೆಯ ಜಿಲ್ಲೆಯನ್ನೂ, ಉಳಿದ ಮೂರು ಅಂಕೆಗಳು ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. ಮೊದಲು ಒಂದರಿಂದ ಒಂಬತ್ತರೊಳಗಿನ ಒಂದು ಅಂಕೆ, ಆಮೇಲೆ ಯಾವುದಾದರೂ ಐದು ಅಂಕೆ: ಇಷ್ಟನ್ನು ಹೇಳಿದರೆ ದೇಶದ ಸಮಸ್ತ ಪಿನ್ ಕೋಡುಗಳ ರೂಪವನ್ನೂ ಹೇಳಿದಂತಾಯಿತು. ರೆಗ್ಯುಲರ್ ಎಕ್ಸ್‌ಪ್ರೆಷನ್ನಿಗೆ ಇದಕ್ಕಿಂತ ಯೋಗ್ಯವಾದ ಕೆಲಸ ದೊರೆಯಲಾರದು. ಆದರೂ ಅದು ಪರೀಕ್ಷಿಸುವುದು ರೂಪವನ್ನು ಮಾತ್ರ. 299999 ಎಂಬ ಸಂಖ್ಯೆಯನ್ನು ಕೊಟ್ಟರೆ, 29ರಿಂದ ಮೊದಲಾಗುವ ಪಿನ್ ಕೋಡನ್ನು ಯಾವ ಪ್ರದೇಶಕ್ಕೂ ಹಂಚದಿದ್ದರೂ, ಅದು ಅಡ್ಡಿಯಿಲ್ಲದೆ ಒಪ್ಪಿಕೊಳ್ಳುತ್ತದೆ.

ಪಿನ್ ಕೋಡಿನ ಮೇಲಿನ ಸಾಲುಗಳಿಗೆ ಬಂದರೆ ಸ್ಥಿತಿಯೇ ಬೇರೆ. ಒಬ್ಬರು ಫ್ಲ್ಯಾಟಿನ ಸಂಖ್ಯೆಯನ್ನು ಮೊದಲು ಬರೆದರೆ ಇನ್ನೊಬ್ಬರು ಕಟ್ಟಡದ ಹೆಸರನ್ನು ಬರೆಯುತ್ತಾರೆ. ಒಬ್ಬರ ಖಂಡ ದೇವನಾಗರಿಯಲ್ಲಿದ್ದರೆ ಇನ್ನೊಬ್ಬರದು ರೋಮನ್ ಲಿಪಿಯಲ್ಲಿರುತ್ತದೆ. ಮತ್ತೊಬ್ಬರು ಮಂದಿರದ ಹಿಂದೆ ಎಂದು ಬರೆದು ಅಷ್ಟಕ್ಕೇ ತೃಪ್ತರಾಗುತ್ತಾರೆ. ನಿಯಮದಿಂದ ಹುಟ್ಟದ ಬರೆಹವನ್ನು ನಿಯಮದಿಂದ ಹಿಡಿಯಹೊರಟವನು ವಿನಾಯಿತಿಯ ಮೇಲೆ ವಿನಾಯಿತಿಯನ್ನು ಹೇರುತ್ತ ಹೋಗಿ, ಕಡೆಗೆ ತಾನು ಬರೆದುದನ್ನು ತಾನೇ ಓದಲಾರದವನಾಗುತ್ತಾನೆ.

ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಬ ಈ ಸಾಧನದ ಇತಿಹಾಸದಲ್ಲಿ ನನ್ನನ್ನು ಬಹಳವಾಗಿ ಸೆಳೆದಿರುವ ಸಂಗತಿಯೆಂದರೆ, ಸಾಧನವು ಕಾರ್ಯಕ್ಕೆ ಬರುವುದಕ್ಕೆ ಮುಂಚೆಯೇ ಅದರ ಮಿತಿ ಗೊತ್ತಾಗಿದ್ದುದು. 1943ರಲ್ಲಿ ಮಕಲಕ್ ಮತ್ತು ಪಿಟ್ಸ್ ಎಂಬಿಬ್ಬರು ನರಕೋಶಗಳ ವ್ಯಾಪಾರಕ್ಕೆ ಒಂದು ತಾರ್ಕಿಕ ಮಾದರಿಯನ್ನು ಕಲ್ಪಿಸಿದ್ದರು. ಅಂತಹ ಜಾಲವೊಂದು ಎಂತೆಂತಹ ಸಂಕೇತಮಾಲೆಗಳನ್ನು ಗುರುತಿಸಬಲ್ಲುದೆಂಬುದನ್ನು 1951ರಲ್ಲಿ ಶೋಧಿಸಿದ ಗಣಿತಜ್ಞ ಸ್ಟೀಫನ್ ಕ್ಲೀನಿಯವರು, ಒಂದರ ಮುಂದೆ ಒಂದು, ಇದು ಇಲ್ಲವೆ ಅದು, ಮತ್ತೆ ಮತ್ತೆ ಎಂಬ ಮೂರೇ ಕ್ರಿಯೆಗಳಿಂದ ಆ ಮಾಲೆಗಳನ್ನೆಲ್ಲ ವರ್ಣಿಸಬಹುದೆಂದು ಸಾಧಿಸಿದರು; ಈ ವರ್ಣನೆಯೇ ರೆಗ್ಯುಲರ್ ಎಕ್ಸ್‌ಪ್ರೆಷನ್. ಅವರ ಪ್ರಬಂಧ ಗ್ರಂಥಸ್ಥವಾದುದು 1956ರಲ್ಲಿ. ಅದೇ ವರ್ಷ ನೋಮ್ ಚೋಮ್‌ಸ್ಕಿಯವರು, ಅಂತಹ ಮಾಲೆಗಳನ್ನಷ್ಟೇ ಗುರುತಿಸಬಲ್ಲ ಪರಿಮಿತ ಸ್ಥಿತಿಗಳ ಯಂತ್ರವು ಮನುಷ್ಯಭಾಷೆಯ ವಾಕ್ಯರಚನೆಯನ್ನು ವರ್ಣಿಸಲಾರದೆಂದು ತೋರಿಸಿಕೊಟ್ಟರು.

ಅವರು ಇಂಗ್ಲಿಷಿನ ವಾಕ್ಯಗಳಿಂದ ನಿರೂಪಿಸಿದುದು ಕನ್ನಡದಲ್ಲಿ ಇನ್ನೂ ನಿಚ್ಚಳವಾಗಿ ಕಾಣುತ್ತದೆ. “ರಾಮನು ಸೀತೆಯು ಲಕ್ಷ್ಮಣನು ಬಂದನೆಂದು ಹೇಳಿದಳೆಂದು ತಿಳಿದನು” ಎಂಬ ವಾಕ್ಯದಲ್ಲಿ ಕರ್ತೃಪದಗಳು ಮೂರೂ ಮೊದಲು ಬಂದು, ಕ್ರಿಯಾಪದಗಳು ವಿಲೋಮಕ್ರಮದಲ್ಲಿ ಅವುಗಳನ್ನು ಸೇರುತ್ತವೆ. ಲಕ್ಷ್ಮಣನಿಗೆ ಬಂದನು, ಸೀತೆಗೆ ಹೇಳಿದಳು, ಎಲ್ಲಕ್ಕೂ ಮೊದಲು ಬಂದ ರಾಮನಿಗೆ ಎಲ್ಲಕ್ಕೂ ಕಡೆಯ ತಿಳಿದನು. ನಡುವಿನ ಹೇಳಿದಳು ಎಂಬುದು ಸೀತೆಗೇ ಸೇರಿದುದೆಂದು ಲಿಂಗಪ್ರತ್ಯಯವೂ ಸಾರಿ ಹೇಳುತ್ತದೆ. ಒಳಗಿನ ವಾಕ್ಯಗಳ ಸಂಖ್ಯೆಗೆ ತತ್ತ್ವತಃ ಮಿತಿಯಿಲ್ಲದಿರುವಾಗ, ಕಾದು ನಿಂತಿರುವ ಕರ್ತೃಗಳನ್ನೆಲ್ಲ ನೆನಪಿನಲ್ಲಿಡಲು ಮಿತವಾದ ಸ್ಥಿತಿಗಳುಳ್ಳ ಯಂತ್ರಕ್ಕೆ ಸಾಧ್ಯವಾಗುವುದಿಲ್ಲ. ಒಂದರೊಳಗೊಂದು ಹುದುಗಿರುವ ಆವರಣಚಿಹ್ನೆಗಳೂ ಜಾಲಪುಟಗಳ ಎಚ್‌ಟಿಎಂಎಲ್ ಗುರುತುಗಳೂ ಇದೇ ಜಾತಿಯವು.

1968ರಲ್ಲಿ ಕೆನ್ ಥಾಮ್ಸನ್ ಅವರು ಕ್ಲೀನಿಯವರ ಸಂಕೇತಗಳನ್ನು ಐಬಿಎಂ 7094 ಯಂತ್ರದ ಭಾಷೆಗೆ ಇಳಿಸುವ ವಿಧಾನವನ್ನು ಪ್ರಕಟಿಸಿದರು. ಕಡತಗಳಲ್ಲಿ ಮಾದರಿಯನ್ನು ಹುಡುಕುವ ಗ್ರೆಪ್ ಎಂಬ ಅವರ ಕ್ರಮವಿಧಿ 1973ರಲ್ಲಿ ಯೂನಿಕ್ಸಿನೊಳಗೆ ಬಂದಿತು. 1975ರ ವೇಳೆಗೆ ಬೆಲ್ ಪ್ರಯೋಗಶಾಲೆಯಲ್ಲಿ ಲೆಕ್ಸ್ ಮತ್ತು ಯಾಕ್ ಎಂಬ ಜೋಡಿ ಸಿದ್ಧವಾಯಿತು: ಲೆಕ್ಸ್ ರೆಗ್ಯುಲರ್ ಎಕ್ಸ್‌ಪ್ರೆಷನ್ನುಗಳಿಂದ ಬರೆಹವನ್ನು ಪದಗಳಾಗಿ ಒಡೆದು ಕೊಟ್ಟರೆ, ಆ ಪದಗಳ ಸಂಬಂಧವನ್ನು ಯಾಕ್ ವ್ಯಾಕರಣಸೂತ್ರಗಳಿಂದ ನಿರ್ಣಯಿಸುತ್ತದೆ. ನಮ್ಮ ಕಾವ್ಯವ್ಯಾಖ್ಯಾನಕಾರರು ಪದಚ್ಛೇದವನ್ನು ಮೊದಲು ಮಾಡಿ, ಅನ್ವಯವನ್ನು ಆಮೇಲೆ ಮಾಡುತ್ತಿದ್ದರಲ್ಲವೆ? ಈ ಕಾರ್ಯವಿಭಾಗವೇ ಇಂದಿಗೂ ಸರಿಯಾದ ಉತ್ತರವೆಂದು ನಾನು ನಂಬಿದ್ದೇನೆ.

ಆ ವಿಭಾಗವನ್ನು ಮುಂದಿನವರು ಕ್ರಮೇಣ ಮರೆತರು. 1987ರಲ್ಲಿ ಹುಟ್ಟಿದ ಪರ್ಲ್ ಭಾಷೆಯೂ ಅದರ ಹಾದಿಯನ್ನು ಹಿಡಿದ ಇತರ ಭಾಷೆಗಳೂ ಸಂಕೇತಕ್ಕೆ ಹೊಸ ಹೊಸ ಶಕ್ತಿಗಳನ್ನು ಕೂಡಿಸುತ್ತ, ಒಂದು ಊಹೆ ತಪ್ಪಿದರೆ ಹಿಂದಕ್ಕೆ ಹೋಗಿ ಮತ್ತೊಂದನ್ನು ಪರೀಕ್ಷಿಸುವ ಕ್ರಮವನ್ನು ರೂಢಿಗೆ ತಂದವು. ಈ ಕ್ರಮದಲ್ಲಿ ಅಜಾಗರೂಕತೆಯಿಂದ ಬರೆದ ಮಾದರಿಯೊಂದಕ್ಕೆ, ಬರೆಹ ಸ್ವಲ್ಪ ಉದ್ದವಾದರೂ ಕಾಲ ಅಪಾರವಾಗಿ ಬೇಕಾಗುತ್ತದೆ. 2019ರ ಜುಲೈ 2ರಂದು ಕ್ಲೌಡ್‌ಫ್ಲೇರ್ ಸಂಸ್ಥೆಯ ಜಾಲವು ಲೋಕದಾದ್ಯಂತ 27 ನಿಮಿಷಗಳ ಕಾಲ ಕುಸಿದುದು ಇಂತಹ ಒಂದೇ ಮಾದರಿಯಿಂದ. ಥಾಮ್ಸನ್ ಅವರ ಹಳೆಯ ವಿಧಾನದಲ್ಲಿ ಈ ಅಪಾಯವಿರಲಿಲ್ಲ; ಗೂಗಲ್ 2010ರಲ್ಲಿ ಬಿಡುಗಡೆ ಮಾಡಿದ ಆರ್‌ಇ2 ಎಂಬ ಲೈಬ್ರರಿ ಆ ಮಾರ್ಗಕ್ಕೇ ಮರಳಿತು.

ಕನ್ನಡದ ಬರೆಹವನ್ನು ಸಂಸ್ಕರಿಸುವವರಿಗೆ ಯಾವ ಕೆಲಸಕ್ಕೆ ಯಾವ ಸಾಧನವೆಂಬ ಈ ವಿವೇಕ ಇನ್ನೂ ಹೆಚ್ಚಾಗಿ ಬೇಕು. ಮಾತು ಮತ್ತು ಇಲ್ಲ ಸೇರಿ ಮಾತಿಲ್ಲ ಎಂದಾಗುವ ಲೋಪಸಂಧಿಯನ್ನು ಬಿಡಿಸಲು, ಇಕಾರದ ಚಿಹ್ನೆಯ ಮುಂದೆ ‘ಲ್ಲ’ ಕಂಡಲ್ಲೆಲ್ಲ ಪದವನ್ನು ಒಡೆಯೆಂದು ಮಾದರಿ ಬರೆದರೆ, ಅದು ಬಿಲ್ಲನ್ನೂ ಒಡೆಯುತ್ತದೆ, ಜಿಲ್ಲೆಯನ್ನೂ ಒಡೆಯುತ್ತದೆ; ಅಲ್ಲಿ ನಿಘಂಟಿನ ನೆರವು ಅನಿವಾರ್ಯ. ಅಕ್ಷರಗಳ ವಿಷಯ ಹಾಗಲ್ಲ. ಹಲಂತದೊಡನೆ ಎಷ್ಟಾದರೂ ವ್ಯಂಜನಗಳು, ಆಮೇಲೊಂದು ವ್ಯಂಜನ, ಇದ್ದರೆ ಒಂದು ಸ್ವರಚಿಹ್ನೆ, ಇದ್ದರೆ ಒಂದು ಅನುಸ್ವಾರ ಅಥವಾ ವಿಸರ್ಗ: ನಮ್ಮ ಗುಣಿತಾಕ್ಷರ ಒತ್ತಕ್ಷರಗಳೆಲ್ಲ ಕ್ಲೀನಿಯವರ ಮೂರು ಕ್ರಿಯೆಗಳೊಳಗೇ ಅಡಗುತ್ತವೆ. ಆದರೆ ಪೈಥಾನ್ ಭಾಷೆಯ ಮೂಲ ಲೈಬ್ರರಿಯಲ್ಲಿ ಪದವನ್ನು ಗುರುತಿಸುವ ಸಿದ್ಧಸಂಕೇತವು ಸ್ವರಚಿಹ್ನೆಗಳನ್ನೂ ಹಲಂತವನ್ನೂ ಅಕ್ಷರಗಳೆಂದು ಎಣಿಸದ ಕಾರಣ, ‘ಕನ್ನಡ’ ಎಂಬ ಪದವೇ ‘ಕನ’ ಎಂದೂ ‘ನಡ’ ಎಂದೂ ಎರಡು ತುಂಡಾಗಿ ಹೊರಬೀಳುತ್ತದೆ. ಆದಕಾರಣ ಕನ್ನಡದ ಕೆಲಸಕ್ಕೆ ಕೈಹಚ್ಚುವವರು ಆ ಸಂಕೇತವನ್ನು ಕೈಬಿಟ್ಟು, ಯೂನಿಕೋಡಿನ ಕನ್ನಡ ವಿಭಾಗದ ಅಕ್ಷರಗಳನ್ನೂ ಚಿಹ್ನೆಗಳನ್ನೂ ಹೆಸರಿಸಿ, ಮಾದರಿಯನ್ನು ತಾವೇ ಬರೆದುಕೊಳ್ಳಬೇಕಾಗಿದೆ.