ತಲೆಮೇಲಿನ ಗಂಟು

‘ಮಾಧವ ಕರುಣಾವಿಲಾಸ’ದ ಗಳಗನಾಥರು (1869–1942) ಕಾದಂಬರಿ ಬರೆದು, ತಾವೇ ಅಚ್ಚು ಹಾಕಿಸಿ, ಗಂಟು ಕಟ್ಟಿ ತಲೆಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡಕ್ಕೆ ಓದುಗರನ್ನು ಹುಟ್ಟಿಸಿದ ಆ ದುಡಿಮೆಗೆ ನಾನೂ ಋಣಿ. ಆದರೆ ಕ್ಲಾಸಿನಲ್ಲಿ ಇದನ್ನು ಹೇಳುವಾಗೆಲ್ಲ ನನ್ನಜ್ಜ ನೆನಪಾಗ್ತಾನೆ. ಅವನೂ ತಲೆಮೇಲೆ ಹೊತ್ತವನೇ. ಅದಕ್ಕೆ ಬಿಟ್ಟಿ ಚಾಕರಿ ಅಂತ ಹೆಸರು. ಗಳಗನಾಥರ ಬಡತನ ಸುಳ್ಳಲ್ಲ. ಆದರೂ ಕುಲಕರ್ಣಿ ಎಂಬ ಹೆಸರಿಗೆ ಊರೊಳಗಿನ ಪಡಸಾಲೆ ತೆರೆಯುತ್ತಿತ್ತು. ಅದೇ ಮುಂಬಯಿ ಪ್ರಾಂತದಲ್ಲಿ, 1920ರಲ್ಲಿ, ಅಂಬೇಡ್ಕರರ ‘ಮೂಕನಾಯಕ’ದ ಜಾಹೀರಾತನ್ನು ದುಡ್ಡು ಕೊಡ್ತೀವೆಂದರೂ ‘ಕೇಸರಿ’ ಹಾಕಲಿಲ್ಲ. ಬರೆದವನೇ ಮಾರಬೇಕೆಂದರೆ ಮೊದಲು ಬೀದಿಗೆ ಪ್ರವೇಶ ಬೇಕು. ನಮ್ಮ ಸಾಹಿತ್ಯ ಚರಿತ್ರೆಕಾರರು ಗಳಗನಾಥರ ನಡಿಗೆಯನ್ನು ಕೊಂಡಾಡಿದ್ದಾರೆ, ಸರಿ. ಆ ನಡಿಗೆ ಯಾರಿಗೆ ಸಾಧ್ಯವೇ ಇರಲಿಲ್ಲ ಎಂದು ದಲಿತ ವಿಮರ್ಶೆ ಕೇಳಲೇಬೇಕು.