1 ಎಕರೆ ತೋಟ, 9 ಎಕರೆ ಬೆಟ್ಟ

ಅಣ್ಣನ ಮಗ ಬೆಂಗಳೂರಿನ ಕೆಲಸ ಬಿಟ್ಟು ಬರುತ್ತಾನಂತೆ. ಸಿರಸಿ ಕಡೆಯ ನಮ್ಮ ತೋಟದ ತಲೆಗೆ ಮನೆ ಕಟ್ಟುತ್ತಾನಂತೆ. ಕರೆಂಟಿನ ತಂತಿ ಬೇಡ, ಪೇಟೆಯ ಸಾಮಾನು ಬೇಡ. ನಕ್ಷೆ ಬಿಡಿಸಿ ತೋರಿಸಿ, "ಅಜ್ಜನ ಕಾಲದಲ್ಲಿ ಹಿಂಗೇ ಇತ್ತಲ್ದ ಚಿಕ್ಕಪ್ಪ?" ಎಂದ.

ಇತ್ತು, ಅರ್ಧ. ಗುಡ್ಡದ ಅಬ್ಬಿಯಿಂದ ಅಡಿಕೆ ದಬ್ಬೆ ಜೋಡಿಸಿ ತಂದ ನೀರು ಬಚ್ಚಲಿನ ಕಲ್ಲುಮರಿಗೆಗೆ ಹಗಲೂ ರಾತ್ರಿ ಬೀಳುತ್ತಿತ್ತು. ಆ ಸದ್ದು ನಿಂತರೇ ಅಜ್ಜನಿಗೆ ಎಚ್ಚರವಾಗುತ್ತಿದ್ದುದು. ದಬ್ಬೆ ಜಾರಿದೆ ಎಂದು ಕತ್ತಲಲ್ಲೇ ಕತ್ತಿ ಹಿಡಿದು ಹೊರಡುತ್ತಿದ್ದ. ಹಂಡೆಯ ಒಲೆಗೆ ಅಡಿಕೆ ಸಿಪ್ಪೆ, ಕೊಟ್ಟಿಗೆ ಮಾಡಿಗೆ ಅಡಿಕೆ ಸೋಗೆ.

ಆದರೆ ಮನೆಯ ಹೆಂಚು? ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡಿನ ಸೋಗೆ ಮಾಡು ಒಂದೊಂದಾಗಿ ಕೆಂಪಾಯಿತು, ನಮ್ಮದೂ. ಚಿಮಣಿ ಬುಡ್ಡಿಯ ಸೀಮೆಎಣ್ಣೆ ಪೇಟೆಯದು. ಉಪ್ಪು ಗೋಕರ್ಣದ ಬುಡದ ಸಾಣಿಕಟ್ಟೆಯದು, ದೇವಿಮನೆ ಘಟ್ಟ ಹತ್ತಿ ಗಾಡಿಯಲ್ಲಿ ಬರುತ್ತಿತ್ತು. ಅದೇ ಘಟ್ಟ ಇಳಿದು ಅಡಿಕೆ ಕುಮಟೆಗೆ ಹೋಗುತ್ತಿತ್ತು. ಅಡಿಕೆಯ ದರ ಬಿದ್ದ ವರ್ಷ ನಮ್ಮ ಸ್ವಾವಲಂಬಿ ಮನೆಯಲ್ಲಿ ಮಕ್ಕಳಿಗೆ ಹೊಸ ಅಂಗಿ ಇಲ್ಲ. ಉಪ್ಪಿಗೆ ಸರ್ಕಾರ ಹಾಕಿದ ಕರ ತಪ್ಪಿಸಿಕೊಳ್ಳಲು ಬೆಟ್ಟದ ಮೇಲಿನ ಮನೆಗಳಿಗೂ ಆಗಲಿಲ್ಲ. 1930ರಲ್ಲಿ ಅಂಕೋಲೆಯ ಜನ ಕಾಯಿದೆ ಮುರಿದು ಉಪ್ಪು ಮಾಡಿದ್ದು ಸುಮ್ಮನೆ ಅಲ್ಲ.

ಅಣ್ಣನ ಮಗನ ನಕ್ಷೆಯಲ್ಲಿ ಇಲ್ಲದೇ ಹೋದದ್ದು ಬೇರೆಯೇ. ಸೊಪ್ಪಿನ ಬೆಟ್ಟ. ಬ್ರಿಟಿಷರ ಕಾಲದಲ್ಲಿ ಈ ಜಿಲ್ಲೆಯ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟರು. ನೆಲ ಸರ್ಕಾರದ್ದು; ಸೊಪ್ಪು, ದರಕು, ಒಣ ಕಟ್ಟಿಗೆ ನಮ್ಮದು. ಮಳೆಗಾಲದ ಹಸಿಸೊಪ್ಪು, ಬೇಸಿಗೆಯ ದರಕು ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಿ, ಸಗಣಿ ಗಂಜಳ ಕೂಡಿ ಕೊಳೆತ ಮೇಲೆ ಅದೇ ಗೊಬ್ಬರವಾಗಿ ಅಡಿಕೆಯ ಬುಡ ಸೇರುತ್ತಿತ್ತು. ಅಂದರೆ ಹತ್ತಾರು ಎಕರೆ ಕಾಡು ನಮ್ಮ ಮೂರು ಎಕರೆ ತೋಟಕ್ಕೆ ವರ್ಷವಿಡೀ ಉಣ್ಣಿಸುತ್ತಿತ್ತು. ಮರಗಳು ಸವರಿ ಸವರಿ ಕಂಬದಂತಾಗಿದ್ದನ್ನು ನಾನೇ ನೋಡಿದ್ದೇನೆ.

ಆ ಸೊಪ್ಪು ತಾನಾಗಿ ಇಳಿದು ಬರಲಿಲ್ಲ. ತಲೆಯ ಮೇಲೆ ಹೊರೆ ಹೊತ್ತು, ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿ ಇಳಿಯುತ್ತಿದ್ದ ಆಳು ಹೆಂಗಸರಿಗೆ ಸಂಜೆ ಅಳೆದು ಕೊಟ್ಟದ್ದು ಭತ್ತ. ತೋಟ ಇಲ್ಲದವರಿಗೆ ಬೆಟ್ಟವೂ ಇಲ್ಲ. ಅವರ ಕೇರಿಗೆ ದಬ್ಬೆಯ ನೀರೂ ಹೋಗಲಿಲ್ಲ. ಅಜ್ಜನ ಮನೆಯ ಕಥೆ ಹೇಳುವಾಗ ಇದನ್ನು ನಾವು ಸಾಧಾರಣವಾಗಿ ಬಿಟ್ಟೇ ಹೇಳುವುದು.

ಸೋಲಾರ್ ಹಲಗೆ, ಬ್ಯಾಟರಿ, ಗೋಬರ್ ಗ್ಯಾಸ್ ಎಲ್ಲದರ ಖರ್ಚನ್ನೂ ಹುಡುಗ ಬರೆದಿದ್ದ. "ಸೊಪ್ಪು ಹೊರೋರು ಯಾರು ತಮಾ?" ಎಂದೆ. ನಕ್ಷೆ ಮಡಚಿ ಜೇಬಿಗೆ ಹಾಕಿಕೊಂಡ. ಮರುದಿನ ಬೆಳಿಗ್ಗೆ ಕತ್ತಿ ಕೇಳಿ ಇಸಿದುಕೊಂಡು ಬೆಟ್ಟಕ್ಕೆ ಹೋದವನು ಮಧ್ಯಾಹ್ನ ಊಟಕ್ಕೆ ಬಂದಾಗ ಅಂಗೈ ತೋರಿಸಿದ: ಎರಡು ಬೊಕ್ಕೆ.